ಎಡಗಿವಿ ಸರಕಾರದ್ದು

ಕೊಳಲು ಕಲಿಸಿದ ಅಕ್ಕ ತೀರಿಕೊಂಡ ಸುದ್ದಿ ನನಗೆ ಮೊಬೈಲಿನಲ್ಲಿ ಬಂತು. ಅವರಿಗೆ ಇದು ಹಿಡಿಸುತ್ತಿರಲಿಲ್ಲ. ಮೊಬೈಲನ್ನು ಅವರು ಫೋನೆಂದೇ ಒಪ್ಪಿರಲಿಲ್ಲ. ಕಿವಿಗೆ ಹಿಡಿದರೆ ಒಳಗೆ ಎಂತದೂ ಕೇಳುವುದಿಲ್ಲ, ಖಾಲಿ ಡಬ್ಬಿಯ ಹಾಗೆ, ಎನ್ನುತ್ತಿದ್ದರು.

ಆ ದಿನ ಮನೆಗೆ ಬಂದು ಹಳೆಯ ಡೈರಿಗಳನ್ನು ಅಟ್ಟದಿಂದ ಇಳಿಸಿದೆ. 1998ರ ಜುಲೈಯಲ್ಲಿ ಅವರ ಹತ್ತಿರ ನನ್ನ ಮೊದಲ ಕೊಳಲು ಪಾಠ, 2007ರ ಮಾರ್ಚಿನಲ್ಲಿ ಕೊನೆಯದು. ಒಟ್ಟು ಪಾಠಗಳು ಆರುನೂರ ನಲವತ್ತೊಂದು. ನಾನು ಸ್ವರ ತಪ್ಪಿದಾಗಲೆಲ್ಲ ಅವರು "ನಂಬರ್ ತಪ್ಪು" ಎನ್ನುತ್ತಿದ್ದರು. ಮೊದಲ ವರ್ಷ ಪ್ರತಿ ಸಲಕ್ಕೂ ಪುಟದ ಅಂಚಿನಲ್ಲಿ ಒಂದು ಗೀಟು ಹಾಕಿ ಲೆಕ್ಕ ಇಟ್ಟಿದ್ದೆ. ಸಾವಿರ ದಾಟಿದ ಮೇಲೆ ಬಿಟ್ಟೆ. ಡೈರಿಯಲ್ಲಿ ನಾನು ಕೈಬಿಟ್ಟ ಲೆಕ್ಕ ಅದೊಂದೇ.

ಅವರು ಉಡುಪಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಕೆಲಸ ಮಾಡಿದವರು. ಮೊದಲು ದೂರದೂರುಗಳಿಗೆ ಟ್ರಂಕ್ ಕಾಲ್ ಜೋಡಿಸುವ ಆಪರೇಟರ್. ಹೊಸ ಯಂತ್ರಗಳು ಬಂದು ಜನ ತಾವೇ ನಂಬರ್ ತಿರುಗಿಸಿಕೊಳ್ಳುವಂತಾದ ಮೇಲೆ ಕೊನೆಯ ಹತ್ತು ವರ್ಷ ಲೈನ್ ಸರಿ ಉಂಟೋ ಇಲ್ಲವೋ ಎಂದು ದಿನವಿಡೀ ಕಿವಿಗೊಟ್ಟು ಪರೀಕ್ಷಿಸುವ ಮೇಜು. ಬನ್ನಂಜೆಯಲ್ಲಿ ಅವರ ಮನೆಯ ಸುತ್ತಮುತ್ತ ಎಲ್ಲರಿಗೂ ಅವರು "ಟ್ರಂಕಕ್ಕ". ಎದುರಿಗೆ ಬರೀ ಅಕ್ಕ. ಮದುವೆಯಾಗಲಿಲ್ಲ. ಅದರ ಬಗ್ಗೆ ಯಾರಾದರೂ ಕೆದಕಿದರೆ, ಉಡುಪಿಯ ಅರ್ಧ ಮದುವೆಗಳು ನಿಶ್ಚಯವಾದದ್ದು ನನ್ನ ಕಿವಿಯಲ್ಲೇ, ಅದಕ್ಕಿಂತ ಹೆಚ್ಚು ಕೇಳುವ ಶಕ್ತಿ ನನಗಿಲ್ಲ ಎಂದು ಮುಗಿಸುತ್ತಿದ್ದರು.

ಮುಖಗಳು ಅವರಿಗೆ ನೆನಪಿರುತ್ತಿರಲಿಲ್ಲ. ದಾರಿಯಲ್ಲಿ ನಾನು ಎದುರು ಬಂದು ನಕ್ಕರೂ ಗುರುತಿಲ್ಲದವರಂತೆ ಹೋಗಿಬಿಡುತ್ತಿದ್ದರು. ಬಾಯಿ ಬಿಟ್ಟರೆ ಮುಗಿಯಿತು. ಒಮ್ಮೆ ಆದಿ ಉಡುಪಿಯ ಸಂತೆಯಲ್ಲಿ ಬೆಂಡೆಕಾಯಿ ಮಾರುವವರೊಬ್ಬರು ದರ ಹೇಳಿದ್ದೇ ತಡ, ಅಕ್ಕ ಕೈಯಲ್ಲಿದ್ದ ಬೆಂಡೆಯನ್ನು ಕೆಳಗಿಟ್ಟು, "ನಿಮ್ಮ ಅಣ್ಣ ಪೂನಾದಿಂದ ಬಂದರಾ?" ಎಂದು ಕೇಳಿದರು. ಆತ ತಬ್ಬಿಬ್ಬಾದರು. ಅಣ್ಣ ಮನೆ ಬಿಟ್ಟು ಹೋದದ್ದು, ಪೂನಾಕ್ಕೆ ಕಾಲ್ ಬುಕ್ ಮಾಡಿ ಇವರು ಅತ್ತದ್ದು, ಎಲ್ಲ ಹದಿನೇಳು ವರ್ಷದ ಹಿಂದಿನ ಮಾತು. ಅಣ್ಣ ಬಂದಿದ್ದರು, ಈಗ ಅಲ್ಲೇ ಪಕ್ಕದಲ್ಲಿ ಸೌತೆಕಾಯಿ ಮಾರುತ್ತಿದ್ದರು. ಅಕ್ಕನಿಗೆ ಆ ದಿನ ಸಂತೆಯಿಂದ ಹೊರಡಲು ಒಂದೂಕಾಲು ಗಂಟೆ ಹಿಡಿಯಿತು.

ಕೊಳಲು ಏಕೆ ಕಲಿತಿರಿ ಎಂದು ನಾನು ಮೊದಲ ತಿಂಗಳಲ್ಲೇ ಕೇಳಿದ್ದೆ. ದಿನವಿಡೀ ಬೇರೆಯವರ ಮಾತು ಕೇಳುವ ಕಿವಿಗೆ ಮಾತೇ ಇಲ್ಲದ್ದು ಎಂತದಾದರೂ ಬೇಕಿತ್ತು ಎಂದರು. ಆಮೇಲೆ ತಮ್ಮ ಎರಡು ಕಿವಿಗಳನ್ನು ಪರಿಚಯ ಮಾಡಿಕೊಟ್ಟರು. "ಬಲಗಿವಿ ಸಂಗೀತದ್ದು. ಎಡಗಿವಿ ಸರಕಾರದ್ದು." ಆಫೀಸಿನಲ್ಲಿ ಹೆಡ್‌ಫೋನ್ ಯಾವಾಗಲೂ ಎಡಗಿವಿಗೆ. ಪಾಠದಲ್ಲಿ ನಾವು ನುಡಿಸುವಾಗ ಅವರು ಕುರ್ಚಿಯನ್ನು ತಿರುಗಿಸಿ ಬಲಗಿವಿಯನ್ನು ನಮ್ಮ ಕಡೆ ಮಾಡಿ ಕೂರುತ್ತಿದ್ದರು. ಎಡಗಿವಿಗೆ ಪಿಂಚಣಿ ಬಂದಿದೆ, ಅದಕ್ಕೆ ಇನ್ನು ಕೆಲಸ ಕೊಡಬಾರದು ಎನ್ನುವುದು ಅವರ ನಿಯಮ.

ಎಕ್ಸ್‌ಚೇಂಜಿನ ಮಾತುಗಳು ಮಾತ್ರ ನಿವೃತ್ತಿ ತೆಗೆದುಕೊಂಡಿರಲಿಲ್ಲ. ಯಾರಾದರೂ ಒಂದೇ ಸಮ ನುಡಿಸುತ್ತಾ ಹೋದರೆ, ಗಡಿಯಾರ ನೋಡಿ, "ಮೂರು ನಿಮಿಷ ಆಯಿತು, ಮುಂದುವರಿಸುವುದಾ?" ಎಂದು ಮಧ್ಯೆ ಬಾಯಿ ಹಾಕುತ್ತಿದ್ದರು. ಟ್ರಂಕ್ ಕಾಲಿನ ಕಾಲದಲ್ಲಿ ಮೂರು ನಿಮಿಷಕ್ಕೊಮ್ಮೆ ಹೀಗೆ ಕೇಳಲೇಬೇಕಿತ್ತಂತೆ. ಅಡುಗೆಮನೆಯಲ್ಲಿ ಹಾಲು ಉಕ್ಕುವ ಸದ್ದಾದರೆ "ಲೈನಿನಲ್ಲಿರಿ" ಎಂದು ಎದ್ದು ಹೋಗುತ್ತಿದ್ದರು. ನಾವು ಹಿಡಿದ ಸ್ವರವನ್ನು ಹಾಗೆಯೇ ಹಿಡಿದುಕೊಂಡು ಲೈನಿನಲ್ಲಿ ಇರಬೇಕು. ನನ್ನ ಉಸಿರು ಉದ್ದವಾದದ್ದು ಅವರ ಹಾಲಿನಿಂದ.

ಕೊಳಲುಗಳನ್ನು ಅವರು ಹಳೆಯ ಕೊಡೆಗಳ ಬಟ್ಟೆಯಿಂದ ಹೊಲಿದ ಕಪ್ಪು ಚೀಲದಲ್ಲಿ ಇಡುತ್ತಿದ್ದರು. ನಾನು ಎಣಿಸಿದಾಗ ಇಪ್ಪತ್ತೊಂಬತ್ತು ಇದ್ದವು. ಅವುಗಳನ್ನು ಮಾಡಿದವರು ಏಳು ಜನ. ಒಂದೊಂದಕ್ಕೂ ಒಂದೊಂದು ಸ್ವಭಾವ. ಒಬ್ಬರ ಕೊಳಲಿನಲ್ಲಿ ಕೆಳಗಿನ ಸ್ವರಗಳು ಚೆಂದ, ಮೇಲೆ ಹೋದರೆ ಕೀರಲು. ಇನ್ನೊಬ್ಬರದ್ದಕ್ಕೆ ಮಧ್ಯಮ ಬರುವುದೇ ಇಲ್ಲ, ಬೆರಳನ್ನು ಅರ್ಧ ಸರಿಸಿ ಬೇಡಿಕೊಳ್ಳಬೇಕು. ಅಂಚೆಯಲ್ಲಿ ತರಿಸಿದ ಮೂರು ಕೊಳಲುಗಳು ನೋಡಲಿಕ್ಕೆ ಅಣ್ಣತಮ್ಮಂದಿರು, ಶ್ರುತಿಯಲ್ಲಿ ಮೂವರೂ ಕೋರ್ಟಿಗೆ ಹೋದವರು. ಹೀಗೆ ಹೇಳುವಾಗ ಅಕ್ಕನಿಗೆ ಹುರುಪು ಬರುತ್ತಿತ್ತು.

2001ರ ಮಳೆಗಾಲಕ್ಕೆ ಮೊದಲು ಅವರಿಗೊಂದು ಯೋಚನೆ ಬಂತು. ತಮ್ಮ ಶಿಷ್ಯರು ಹನ್ನೆರಡು ಜನ ಒಟ್ಟಿಗೆ ಕೂತು ನುಡಿಸಬೇಕು. ಅದಕ್ಕೆ ಒಬ್ಬರೇ ಮಾಡಿದ ಹನ್ನೆರಡು ಕೊಳಲು ಬೇಕು, ಎಲ್ಲವೂ ಒಂದೇ ಶ್ರುತಿಯವು: ಐದು ಮನೆ. ನಮ್ಮಲ್ಲಿ ಶ್ರುತಿಯನ್ನು ಹೇಳುವುದು ಹಾರ್ಮೋನಿಯಮ್ಮಿನ ಮನೆಗಳ ಲೆಕ್ಕದಲ್ಲಿ. ಬಿಳಿ ಪಟ್ಟಿಗಳಲ್ಲಿ ಐದನೆಯದು ಯಾವ ಸ್ವರ ಕೊಡುತ್ತದೋ ಅದೇ ಕೊಳಲಿನ ಷಡ್ಜವಾದರೆ ಅದು ಐದು ಮನೆಯ ಕೊಳಲು.

ಮಾಡಿಕೊಡಬಲ್ಲವರು ಇಬ್ಬರು ಕಣ್ಣಿಗೆ ಬಿದ್ದರು. ಒಬ್ಬರು ಕಾರ್ಕಳದವರು. ಬಸ್ ಸ್ಟ್ಯಾಂಡಿನ ಹಿಂದೆ ಅವರ ಅಂಗಡಿ. ಮೊದಲು ಬಾಗಿಲು ಕಿಟಕಿ ಕೂರಿಸುತ್ತಿದ್ದ ಬಡಗಿ. ತೂತುಗಳು ಕಂಪಾಸಿನಲ್ಲಿ ಬರೆದ ಹಾಗೆ ದುಂಡಗೆ, ಮೈಗೆ ಪಾಲಿಶ್, ಎರಡು ತುದಿಗೂ ಬಣ್ಣದ ದಾರ. ಮೇಜಿನ ಮೇಲೆ ಹಾರ್ಮೋನಿಯಂ ಇಟ್ಟುಕೊಂಡು ಅದರ ಜೊತೆ ಹೋಲಿಸಿಯೇ ತೂತು ಕೊರೆಯುತ್ತಿದ್ದರು.

ಇನ್ನೊಬ್ಬರು ಕಾಪುವಿನವರು. ಅವರನ್ನು ನಮಗೆ ಗೊತ್ತು ಮಾಡಿಸಿದ್ದು ನಮ್ಮ ಪಾಠಕ್ಕೆ ಬರುತ್ತಿದ್ದ ಗದಗ ಕಡೆಯ ಟೈಲ್ಸ್ ಕೆಲಸದವರು. ಮಣಿಪಾಲದಲ್ಲಿ ಮೇಲೇಳುತ್ತಿದ್ದ ಕಟ್ಟಡಗಳಿಗೆಲ್ಲ ನೆಲ ಹಾಸುತ್ತಿದ್ದ ಆತ ಒಮ್ಮೆ ಕಾಪುವಿನ ಮನೆಯೊಂದಕ್ಕೆ ಕೆಲಸಕ್ಕೆ ಹೋದಾಗ ಪಕ್ಕದ ಮನೆಯಿಂದ ಒಂದು ಕೊಳಲು ತಂದಿದ್ದರು. ದಪ್ಪ ಬಿದಿರು, ಪಾಲಿಶ್ ಇಲ್ಲ, ಸೀಳದಂತೆ ಮೀನು ಬಲೆಯ ನೀಲಿ ನೈಲಾನ್ ಸುತ್ತಿದೆ. ಊದಿದರೆ ಕೋಣೆ ತುಂಬುವ ನಾದ. ಆದರೆ ನಮ್ಮ ಶ್ರುತಿಪೆಟ್ಟಿಗೆಯ ಜೊತೆ ಸೇರುತ್ತಿರಲಿಲ್ಲ. ಪ್ರತಿ ಪಾಠದಲ್ಲೂ ಅಕ್ಕ "ನಂಬರ್ ತಪ್ಪು" ಎಂದರೆ ಆತ ಕೊಳಲನ್ನು ತಿರುಗಿಸಿ ನೋಡುತ್ತಾ, "ನಂದು ತಪ್ಪೋ, ಇದರದು ತಪ್ಪೋ, ಅಷ್ಟು ಹೇಳಿಬಿಡ್ರಿ ಅಕ್ಕಾರ, ಒಬ್ಬರಿಗರ ಸಮಾಧಾನ ಆಗಲಿ" ಎನ್ನುತ್ತಿದ್ದರು. ಅಕ್ಕ ಮಾತ್ರ ಆ ಕೊಳಲನ್ನು ಬೇಡ ಎಂದು ಹೇಳಲಿಲ್ಲ. ಈ ಸ್ವರವನ್ನು ಎಲ್ಲಿಯೋ ಕೇಳಿದ್ದೇನೆ, ಯಾರದ್ದೆಂದು ಗೊತ್ತಾಗುವುದಿಲ್ಲ ಎಂದು ಹಣೆ ಒತ್ತಿಕೊಳ್ಳುತ್ತಿದ್ದರು. ಸ್ವರ ಕೇಳಿ ಗುರುತು ಸಿಗದೆ ಹೋದದ್ದು ಅವರ ಜೀವನದಲ್ಲಿ ಅದೇ ಮೊದಲು.

ಇಬ್ಬರಿಗೂ ಹನ್ನೆರಡು ಹನ್ನೆರಡು ಕೊಳಲು ಕಳಿಸಲು ಹೇಳಿದೆವು. ನೋಡಿ, ಹೋಲಿಸಿ, ಒಬ್ಬರದ್ದನ್ನು ಇಟ್ಟುಕೊಳ್ಳುವುದು. ಕಾರ್ಕಳದವರು ಬಸ್ಸಿನಲ್ಲಿ ಪಾರ್ಸೆಲ್ ಹಾಕಿದರು. ಕಾಪುವಿನವರು ತಾವೇ ಬಂದರು. ಐವತ್ತು ದಾಟಿದ, ಕಡಿಮೆ ಮಾತಿನ ಮನುಷ್ಯ. ಜೀವಮಾನವಿಡೀ ದೋಣಿಯಲ್ಲಿ ದುಡಿದವರು. ಎರಡು ವರ್ಷದ ಹಿಂದೆ ಬಲ ಭುಜ ಕೈಕೊಟ್ಟಿತ್ತು, ಬಲೆ ಎಳೆಯಲು ಆಗುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಕಲಿತಿದ್ದ ಕೊಳಲಿನ ಕೆಲಸವನ್ನು ಮತ್ತೆ ಹಿಡಿದಿದ್ದರು. ಅವರ ತಮ್ಮ ಮಾತ್ರ, ಇದೆಲ್ಲ ಎಂತ ಆಟ, ಮಲ್ಪೆಗೆ ಬಂದು ಬಲೆ ಹೊಲಿಯುತ್ತಾ ಕೂತುಕೋ ಎಂದು ಕರೆಯುತ್ತಿದ್ದ. ಕೊಳಲುಗಳನ್ನು ಚಾಪೆಯ ಮೇಲೆ ಬಿಡಿಸಿಟ್ಟು ಅವರು ಅಕ್ಕನಿಗೆ ಹೇಳಿದ ಮಾತನ್ನು ಅದೇ ಸಂಜೆ ಡೈರಿಯಲ್ಲಿ ಬರೆದಿದ್ದೇನೆ.

"ನನ್ನ ಕೆಲಸವನ್ನು ಗೊತ್ತಿದ್ದವರು ಯಾರೂ ನೋಡಲಿಲ್ಲ ಅಕ್ಕ. ನೀವು ಸರಿ ಉಂಟು ಅಂದ್ರೆ ಇದನ್ನೇ ಮಾಡ್ತೇನೆ. ತಪ್ಪು ಅಂದ್ರೆ ಉಳಿದ ಬಿದಿರು ಒಲೆಗೆ, ನಾನು ಮಲ್ಪೆಗೆ. ನನಗೆ ಬೇಜಾರಿಲ್ಲ. ಗೊತ್ತಾಗ್ಬೇಕು ಅಷ್ಟೆ."

ಪರೀಕ್ಷೆಯ ಹೊಣೆ ನನಗೆ ಬಂತು. ನಾನಾಗ ಮಣಿಪಾಲದ ಕಾಲೇಜೊಂದರ ಲೈಬ್ರರಿಯಲ್ಲಿ ಪುಸ್ತಕಗಳ ಪಟ್ಟಿ ಮಾಡುವ ಕೆಲಸದಲ್ಲಿದ್ದೆ. ಪಟ್ಟಿ ಎಂದರೆ ನನಗೆ ಹಬ್ಬ. ಅದೇ ವರ್ಷ ದುಬೈಯ ಅತ್ತಿಗೆ ನನಗೊಂದು ಶ್ರುತಿ ಅಳೆಯುವ ಯಂತ್ರ ತಂದುಕೊಟ್ಟಿದ್ದರು. ಕ್ಯಾಲ್ಕುಲೇಟರಿನಷ್ಟು ದೊಡ್ಡದು, ಒಂದು ಮುಳ್ಳು. ಹಾರ್ಮೋನಿಯಮ್ಮಿನ ಅಕ್ಕಪಕ್ಕದ ಎರಡು ಮನೆಗಳ ನಡುವಿನ ದೂರವನ್ನು ನೂರು ಪಾಲು ಮಾಡಿ, ಊದಿದ ಸ್ವರ ಎಷ್ಟು ಪಾಲು ಮೇಲೆ, ಎಷ್ಟು ಪಾಲು ಕೆಳಗೆ ಎಂದು ಅದು ತೋರಿಸುತ್ತಿತ್ತು. ಅಕ್ಕ ಅದಕ್ಕೆ "ಮೀಟರ್" ಎಂದು ಹೆಸರಿಟ್ಟು, ಅದು ಓಡುವುದನ್ನು ಅನುಮಾನದಿಂದ ನೋಡುತ್ತಿದ್ದರು. ಗಾಂಧಾರದ ವಿಷಯದಲ್ಲಿ ಮೀಟರಿಗೂ ಅಕ್ಕನಿಗೂ ನಡೆದ ಜಗಳ ಬೇರೆಯೇ ಇದೆ. ಡೈರಿಯಲ್ಲಿ ಅದಕ್ಕೆ ಹದಿನಾಲ್ಕು ಪುಟ ಹೋಗಿದೆ, ಇಲ್ಲಿ ಬೇಡ.

ಕ್ರಮವನ್ನು ಮಾತ್ರ ಅಕ್ಕನೇ ಹಾಕಿಕೊಟ್ಟರು. ತಣ್ಣಗಿರುವ ಕೊಳಲು ಕೆಳಗೇ ಮಾತಾಡುತ್ತದೆ, ಆದ್ದರಿಂದ ಪ್ರತಿಯೊಂದನ್ನೂ ಐದು ನಿಮಿಷ ಊದಿ ಬೆಚ್ಚಗೆ ಮಾಡಬೇಕು. ಊದುವವರು ಒಬ್ಬರೇ ಆಗಿರಬೇಕು, ತುಟಿ ತಿರುಗಿಸಿದರೆ ಸ್ವರ ತಿರುಗುತ್ತದೆ. ಒಂದೊಂದು ಸ್ವರವನ್ನು ಮೂರು ಸಲ ಅಳೆಯಬೇಕು. ಇಪ್ಪತ್ತನಾಲ್ಕು ಕೊಳಲು, ಕೊಳಲಿಗೆ ಎಂಟು ಸ್ವರ, ಸ್ವರಕ್ಕೆ ಮೂರು ಸಲ: ಐನೂರ ಎಪ್ಪತ್ತಾರು ಅಳತೆ. ಎಂಟು ಸಂಜೆ ಹಿಡಿಯಿತು. ನಾಲ್ಕನೆಯ ಸಂಜೆ ನನ್ನ ಕೆಳದುಟಿ ಬಾತು, ಅಕ್ಕ ತುಪ್ಪ ಹಚ್ಚಿದರು.

ಫಲಿತಾಂಶ ನನ್ನ ಮಟ್ಟಿಗೆ ಸ್ಪಷ್ಟವಾಗಿತ್ತು. ಕಾರ್ಕಳದ ಹನ್ನೆರಡರಲ್ಲಿ ಏಳು ಕೊಳಲುಗಳ ಷಡ್ಜ ಸರಿಯಾಗಿ ಐದನೇ ಮನೆಯಲ್ಲಿ ಕೂತಿತ್ತು. ಉಳಿದವು ಕೆಲವು ಎಂಟು ಪಾಲು ಮೇಲೆ, ಕೆಲವು ಹತ್ತು ಪಾಲು ಕೆಳಗೆ. ಕಾಪುವಿನ ಹನ್ನೆರಡೂ ಮೂವತ್ತೈದರ ಆಸುಪಾಸು ಮೇಲೆ. ಒಂದೂ ಮನೆ ಸೇರಿಲ್ಲ. ನಾನು ಕೊನೆಯ ಕಾಲಮ್ಮಿಗೆ "ಸರಿ / ತಪ್ಪು" ಎಂದು ತಲೆಬರಹ ಕೊಟ್ಟು, ಕಾಪುವಿನ ಎದುರು ಹನ್ನೆರಡು ಸಲ "ತಪ್ಪು" ಎಂದು ಬರೆದೆ. ಕೆಂಪು ಶಾಯಿ, ಸ್ಕೇಲಿನ ಗೆರೆ, ಕೆಳಗೆ ಮೊತ್ತ. ನನಗೆ ಆ ಪುಟದ ಮೇಲೆ ಬಹಳ ಪ್ರೀತಿ ಬಂತು.

ಫಲಿತಾಂಶ ಬಂದ ಮೇಲೆ ಇಬ್ಬರಿಗೂ ಒಂದು ಕಾರ್ಡ್ ಹಾಕುವ ಎಂದು ಅಕ್ಕ ಹೇಳಿದ್ದರು. ನಾನು ಬೆಳಿಗ್ಗೆ ಕೆಲಸಕ್ಕೆ ಹೋಗುವ ದಾರಿಯಲ್ಲೇ ಎರಡೂ ಕಾರ್ಡುಗಳನ್ನು ಡಬ್ಬಿಗೆ ಹಾಕಿ, ಸಂಜೆ ಪಟ್ಟಿಯನ್ನು ಅಕ್ಕನ ಮುಂದೆ ಇಟ್ಟೆ.

ಅವರು ಕನ್ನಡಕ ಹಾಕಿಕೊಂಡು ಬೆರಳಿಟ್ಟು ಓದಿದರು. ಕಾರ್ಕಳ ದಾಟಿ ಕಾಪುವಿಗೆ ಬಂದಾಗ ಬೆರಳು ನಿಧಾನವಾಯಿತು. ಮೂವತ್ತೈದು, ಮೂವತ್ನಾಲ್ಕು, ಮೂವತ್ತೈದು, ಮೂವತ್ತಾರು, ಮೂವತ್ತೈದು. ಕೊನೆಯವರೆಗೆ ಹೋಗಿ ಮತ್ತೆ ಮೇಲಿನಿಂದ ಓದಿದರು.

"ಇದು ತಪ್ಪು ನಂಬರ್ ಅಲ್ಲ ಮಾರಾಯ್ತಿ" ಎಂದರು.

ಮೂವತ್ತೈದು ಪಾಲು ಮೇಲಿದೆಯಲ್ಲ ಎಂದೆ.

"ನಂಬರ್ ತಪ್ಪಿದವನು ಒಂದೊಂದು ಸಲ ಒಂದೊಂದು ಮನೆಗೆ ಹೋಗ್ತಾನೆ. ಒಮ್ಮೆ ಡಾಕ್ಟರ ಮನೆ, ಒಮ್ಮೆ ಸೌದೆ ಡಿಪೋ. ಇವರು ಹನ್ನೆರಡು ಸಲವೂ ಒಂದೇ ಮನೆಗೆ ಹೋಗಿದ್ದಾರೆ. ಅಂದ್ರೆ ಎಂತ? ಇವರ ಪುಸ್ತಕದಲ್ಲಿ ನಂಬರೇ ಬೇರೆ ಉಂಟು. ಆ ಮನೆ ಯಾವುದು ಅಂತ ನೋಡ್ಬೇಕು."

ಆಮೇಲೆ ಸ್ವರಗಳ ನಡುವಿನ ಅಂತರವನ್ನು ಲೆಕ್ಕ ಹಾಕಿಸಿದರು. ಷಡ್ಜದಿಂದ ಪಂಚಮಕ್ಕೆ, ಪಂಚಮದಿಂದ ಮೇಲಿನ ಷಡ್ಜಕ್ಕೆ. ಕಾಪುವಿನ ಕೊಳಲುಗಳಲ್ಲಿ ಅಂತರ ಎಲ್ಲೂ ಕೆಟ್ಟಿರಲಿಲ್ಲ. ಕಾರ್ಕಳದ ಕೊಳಲುಗಳು ಕೆಳಗೆ ಸರಿಯಾಗಿದ್ದು ಮೇಲಿನ ಷಡ್ಜಕ್ಕೆ ಹೋಗುವಾಗ ಸೋತು ಕೆಳಗಿಳಿಯುತ್ತಿದ್ದವು. ಇವೆಲ್ಲ ನನ್ನದೇ ಪಟ್ಟಿಯಲ್ಲಿ ಇದ್ದವು, ನನ್ನದೇ ಅಕ್ಷರದಲ್ಲಿ. ನಾನು ಮೊದಲ ಕಾಲಮ್ಮನ್ನು ಮಾತ್ರ ನೋಡಿ ತೀರ್ಪು ಬರೆದಿದ್ದೆ.

"ಕಾರ್ಡ್ ಇವತ್ತು ಹಾಕುವುದು ಬೇಡ" ಎಂದರು ಅಕ್ಕ.

ಬೆಳಿಗ್ಗೆಯೇ ಹಾಕಿದೆ ಎಂದೆ.

ಅವರು ಬೈಯಲಿಲ್ಲ. ಕಾಪುವಿಗೆ ಅಂಚೆ ಎಷ್ಟು ಹೊತ್ತಿಗೆ ಬಟವಾಡೆಯಾಗುತ್ತದೆ ಎಂದು ಕೇಳಿದರು. ಹನ್ನೊಂದರ ಸುಮಾರಿಗೆ ಎಂದೆ. ಹಾಗಾದರೆ ಒಂಬತ್ತರ ಒಳಗೆ ನಾವು ಅಲ್ಲಿರಬೇಕು ಎಂದರು.

ಮಾರನೆಯ ಬೆಳಿಗ್ಗೆ ಸಿಕ್ಕ ಬಸ್ ಹತ್ತಿದೆವು. ನಾನು ರಜೆ ಹಾಕಿದ್ದೆ, ಕಾರಣ "ಅಗತ್ಯದ ಕೆಲಸ". ಕಟಪಾಡಿ ದಾಟಿದ ಮೇಲೆ ಅಕ್ಕ, ಆ ಕಾರ್ಡಿನಲ್ಲಿ ಎಂತ ಬರೆದಿದ್ದೀ ಎಂದು ಕೇಳಿದರು. ನನಗೆ ಬಾಯಿಪಾಠವಿತ್ತು: "ಪರೀಕ್ಷಿಸಿದ ಹನ್ನೆರಡು ಕೊಳಲುಗಳಲ್ಲಿ ಹನ್ನೆರಡೂ ಶ್ರುತಿ ತಪ್ಪಿವೆ. ವಿವರ ಪಟ್ಟಿ ಬೇಕಾದಲ್ಲಿ ಕಳುಹಿಸಲಾಗುವುದು." ಅಕ್ಕ ಕಿಟಕಿಯಿಂದ ಹೊರಗೆ ನೋಡುತ್ತಾ, ಚುಟುಕಾಗಿ ಬರೆದಿದ್ದೀ, ತಂತಿ ಇಲಾಖೆಯಲ್ಲಿ ನಿನಗೆ ಕೆಲಸ ಸಿಗುತ್ತಿತ್ತು ಎಂದರು.

ಕಾಪುವಿನವರ ಮನೆ ಹೆದ್ದಾರಿಯಿಂದ ಸಮುದ್ರದ ಕಡೆಗೆ ಹತ್ತು ನಿಮಿಷದ ನಡಿಗೆ. ಜಗಲಿಯಲ್ಲಿ ಬಿದಿರಿನ ತುಂಡುಗಳು ಉದ್ದದ ಪ್ರಕಾರ ಸಾಲಾಗಿ ನಿಂತಿದ್ದವು. ಅಂಚೆ ಬಂದಿರಲಿಲ್ಲ. ಅವರು ನಮ್ಮನ್ನು ಕಂಡು, ಕೂರಲೂ ಹೇಳದೆ, ಅಕ್ಕನ ಮುಖವನ್ನೇ ನೋಡುತ್ತಾ ನಿಂತರು. ಅಕ್ಕ, ಒಂದು ಕೊಳಲು ತೆಗೆದು ಷಡ್ಜ ಹಿಡಿಯಿರಿ ಎಂದರು. ಅವರು ಊದಿದರು. ಅಕ್ಕ ಎಂದಿನಂತೆ ಬಲಗಿವಿ ಕೊಟ್ಟು ಕೇಳಿದರು, ತಲೆ ಅಲ್ಲಾಡಿಸಿದರು. ಮತ್ತೆ ಊದಲು ಹೇಳಿದರು. ಅಷ್ಟರಲ್ಲಿ ಅಂಗಳಕ್ಕೆ ಬಂದ ಕೋಳಿಯನ್ನು ಓಡಿಸಲು ಅಕ್ಕ ಆ ಕಡೆ ತಿರುಗಿದರು. ತಿರುಗಿದವರು ಹಾಗೆಯೇ ನಿಂತುಬಿಟ್ಟರು. ಎಡಗಿವಿ ಈಗ ಕೊಳಲಿನ ಕಡೆಗಿತ್ತು.

ಮೂರು ವರ್ಷಗಳಲ್ಲಿ ಅವರು ಆ ಕಿವಿಯನ್ನು ಕೊಳಲಿಗೆ ಕೊಟ್ಟದ್ದನ್ನು ನಾನು ನೋಡಿರಲಿಲ್ಲ. ಅವರ ಎಡಗೈ ತನ್ನಷ್ಟಕ್ಕೆ ಮೇಲೆ ಹೋಗಿ ಕಿವಿಯ ಬಳಿ ಇಲ್ಲದ ಹೆಡ್‌ಫೋನನ್ನು ಹಿಡಿಯಿತು. ಆಮೇಲೆ ನಗಲು ಶುರು ಮಾಡಿದರು. ಕೋಳಿ ಗಾಬರಿಯಾಗಿ ಓಡಿತು.

"ಇಲ್ಲಿ ಫೋನ್ ಎಲ್ಲಿ ಉಂಟು?" ಎಂದು ಕೇಳಿದರು.

ಕಾಪುವಿನವರ ಮುಖ ಕಪ್ಪಾಯಿತು. ಮೂರು ಮನೆ ಆಚೆ ಸೊಸೆಯ ಎಸ್‌ಟಿಡಿ ಬೂತ್ ಉಂಟು ಎಂದರು. ಆಮೇಲೆ ಕಳ್ಳ ಒಪ್ಪಿಕೊಳ್ಳುವ ಹಾಗೆ ಎಲ್ಲ ಹೇಳಿದರು. ಅವರ ಹತ್ತಿರ ಶ್ರುತಿಪೆಟ್ಟಿಗೆ ಇರಲಿಲ್ಲ, ಹಾರ್ಮೋನಿಯಮ್ಮೂ ಇರಲಿಲ್ಲ. ಕಲಿಸಿದವರು ಕೊಟ್ಟಿದ್ದ ಐದು ಮನೆಯ ಕೊಳಲು ದೋಣಿಯಲ್ಲಿ ಒಡೆದುಹೋಗಿತ್ತು. ಒಂದು ದಿನ ಬೂತಿನಲ್ಲಿ ರಿಸೀವರ್ ಎತ್ತಿದಾಗ, ನಂಬರ್ ಒತ್ತುವ ಮೊದಲು ಕೇಳುವ ಆ ಸುಯ್ ಎನ್ನುವ ಡಯಲ್ ಟೋನ್, ಹತ್ತಿರ ಹತ್ತಿರ ಆ ಹಳೆಯ ಕೊಳಲಿನ ಷಡ್ಜದ ಹಾಗೆಯೇ ಇದೆ ಎನ್ನಿಸಿತು. ಬಿಸಿಲಿಗೂ ಮಳೆಗೂ ಬದಲಾಗುವುದಿಲ್ಲ. ಯಾರೂ ಇಲ್ಲದ ಹೊತ್ತು ನೋಡಿ ರಿಸೀವರ್ ಎತ್ತಿಟ್ಟುಕೊಂಡು ಅದರ ಜೊತೆ ಊದಿ ಊದಿ ತೂತು ಸರಿ ಮಾಡುತ್ತಿದ್ದರು.

"ನಂಬರ್ ಒತ್ತದಿದ್ರೆ ಮೀಟರ್ ಓಡುವುದಿಲ್ಲ ಅಕ್ಕ" ಎಂದು ಕೊನೆಗೆ ಸೇರಿಸಿದರು, ನಾವು ಇಲಾಖೆಯ ಪರವಾಗಿ ವಿಚಾರಣೆಗೆ ಬಂದವರೋ ಎಂಬಂತೆ.

ಮೂವರೂ ಬೂತಿಗೆ ಹೋದೆವು. ಅದು ಒಬ್ಬರು ನಿಲ್ಲುವ ಗಾಜಿನ ಗೂಡು. ಅಕ್ಕ ರಿಸೀವರನ್ನು ಎಡಗಿವಿಗೆ ಹಿಡಿದರು, ಅವರು ಬಾಗಿಲಲ್ಲಿ ನಿಂತು ಊದಿದರು, ನಾನು ಅವರ ತೋಳಿನ ಕೆಳಗಿನಿಂದ ಮೀಟರ್ ಚಾಚಿದೆ. ಎರಡು ಸ್ವರ ಸ್ವಲ್ಪ ಬೇರೆಯಾಗಿದ್ದರೆ ನಡುವೆ ಅಲೆ ಏಳುತ್ತದೆ, ವಾಂವ್ ವಾಂವ್ ಎಂದು. ಅಕ್ಕ ಕಣ್ಣು ಮುಚ್ಚಿ ಕೇಳಿ, ಅಲೆಯೇ ಇಲ್ಲ ಎಂದರು. ಬರೀ ರಿಸೀವರನ್ನು ಮೀಟರಿಗೆ ಹಿಡಿದೆ. ಮುಳ್ಳು ಐದನೇ ಮನೆ ದಾಟಿ ಮೂವತ್ತೈದಕ್ಕೆ ಹೋಗಿ ನಿಂತಿತು.

"ಹಾಗಾದ್ರೆ ನಾನು ಮಾಡಿದ್ದೆಲ್ಲ ತಪ್ಪು ಅಲ್ವಾ?" ಎಂದರು ಅವರು. ಬಿದಿರನ್ನು ಕತ್ತರಿಸಿದರೆ ಶ್ರುತಿ ಇನ್ನೂ ಏರುತ್ತದೆ. ಇಳಿಸಬೇಕೆಂದರೆ ಅಂಟಿಸಿ ಉದ್ದ ಮಾಡಲು ಬರುವುದಿಲ್ಲ. ಅದು ಅವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

ಅದೇ ಹೊತ್ತಿಗೆ ಸೈಕಲ್ ಬೆಲ್ ಕೇಳಿತು. ಪೋಸ್ಟ್‌ಮ್ಯಾನ್ ಬೂತಿನ ಬಳಿಯೇ ಇಳಿದು ಕಾರ್ಡನ್ನು ಅವರ ಕೈಗೆ ಕೊಟ್ಟು ಹೋದರು. ಹತ್ತೂ ಇಪ್ಪತ್ತು. ನನ್ನ ಲೆಕ್ಕ ನಲವತ್ತು ನಿಮಿಷ ತಪ್ಪಿತ್ತು. ಅವರು ಕಾರ್ಡನ್ನು ದೂರ ಹಿಡಿದು ನೋಡಿ, ಕನ್ನಡಕ ಮನೆಯಲ್ಲಿ ಉಂಟು, ಓದಿ ಹೇಳಿ ಎಂದು ನನಗೆ ಕೊಟ್ಟರು. ನನ್ನ ಅಕ್ಷರ, ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆದ "ಹನ್ನೆರಡೂ".

ಅಕ್ಕ ಕೈ ಚಾಚಿ ಕಾರ್ಡನ್ನು ತೆಗೆದುಕೊಂಡರು. "ಇದು ರಾಂಗ್ ನಂಬರ್" ಎಂದರು.

"ಹೆಸರು ನನ್ನದೇ ಕಾಣ್ತದಲ್ಲ?"

"ಹೆಸರು ಸರಿ ಉಂಟು. ವಿಷಯ ಬೇರೆ ಯಾರದ್ದೋ." ಕಾರ್ಡ್ ಅಕ್ಕನ ಕೈಚೀಲಕ್ಕೆ ಹೋಯಿತು. ಆಮೇಲೆ ಅಕ್ಕ ಅವರ ಕಡೆ ತಿರುಗಿ, ನಾನು ಅವರ ಬಾಯಿಂದ ಕೇಳಿದ ಅತ್ಯಂತ ಉದ್ದದ ಮಾತನ್ನು ಹೇಳಿದರು. "ನೋಡಿ, ನೀವು ಹಿಡಿದ ಸ್ವರವನ್ನು ನಾನು ಹತ್ತು ವರ್ಷ ದಿನವಿಡೀ ಕೇಳಿದ್ದೇನೆ. ಒಂದು ಕೂದಲಿನಷ್ಟು ಆಚೀಚೆ ಆದರೂ ಈ ಕಿವಿಗೆ ಗೊತ್ತಾಗ್ತದೆ. ನಿಮ್ಮ ಹನ್ನೆರಡರಲ್ಲಿ ಒಂದೂ ಆಚೀಚೆ ಆಗಲಿಲ್ಲ. ಕೊಟ್ಟ ಸ್ವರ ಬೇರೆ, ಹಿಡಿದ ಕೆಲಸ ಸರಿ. ಬಿದಿರು ಒಲೆಗೆ ಹಾಕುವುದು ಬೇಡ. ಹನ್ನೆರಡೂ ನಮಗೆ ಬೇಕು."

ಅವರು ಗೂಡಿನೊಳಗೆ ನೇತಾಡುತ್ತಿದ್ದ ರಿಸೀವರನ್ನು ಎತ್ತಿ, ಲುಂಗಿಯ ತುದಿಯಲ್ಲಿ ಒರೆಸಿ, ಅದರ ಜಾಗದಲ್ಲಿ ಇಟ್ಟರು. ಎರಡು ಸಲ ಒರೆಸಿದರು.

ಆಮೇಲಿನದೆಲ್ಲ ಸುಲಭವಾಯಿತು. ನಮ್ಮ ಶ್ರುತಿಪೆಟ್ಟಿಗೆಯ ಪಕ್ಕದಲ್ಲಿ ಸ್ವರವನ್ನು ಸ್ವಲ್ಪ ಏರಿಸಿ ಇಳಿಸುವ ಸಣ್ಣ ತಿರುಪು ಇತ್ತು. ಅಕ್ಕ ಅದನ್ನು ತಿರುಗಿಸಿ ಹನ್ನೆರಡು ಕೊಳಲಿಗೆ ಸೇರಿಸಿ, ನಿಂತ ಜಾಗಕ್ಕೆ ಕುಂಕುಮದ ಚುಕ್ಕೆ ಇಟ್ಟರು. ಅದಕ್ಕೆ ಎಕ್ಸ್‌ಚೇಂಜ್ ಶ್ರುತಿ ಎಂದು ಹೆಸರಾಯಿತು. ತಮ್ಮ ಹಳೆಯ ಶ್ರುತಿಪೆಟ್ಟಿಗೆಯೊಂದನ್ನು ಕಾಪುವಿಗೆ ಕೊಟ್ಟು, ಬೇರೆಯವರಿಗೆ ಮಾಡುವಾಗ ಇದನ್ನು ಹಿಡಿಯಿರಿ, ನಮಗೆ ಮಾಡುವಾಗ ಬೂತಿಗೇ ಹೋಗಿ ಎಂದರು. ಟೈಲ್ಸ್ ಕೆಲಸದವರಿಗೆ ವಿಷಯ ತಿಳಿದಾಗ, "ನಂದೂ ತಪ್ಪಲ್ಲ, ಇದರದೂ ತಪ್ಪಲ್ಲ ಅಂದ್ರ ಇಷ್ಟು ದಿನ ಬೈಸಿಕೊಂಡವರು ಯಾರ್ರೀ ಅಕ್ಕಾರ?" ಎಂದು ಕೇಳಿದರು. ಅಕ್ಕ ನನ್ನ ಕಡೆ ಕೈ ತೋರಿಸಿದರು.

ಆ ವರ್ಷದ ಕೊನೆಗೆ ಕಾರ್ಕಳದ ಸಣ್ಣ ಸಭಾಭವನವೊಂದರಲ್ಲಿ ಹನ್ನೆರಡು ಜನ ಕೂತು ನುಡಿಸಿದೆವು. ಪಿಟೀಲಿನವರು ತಂತಿ ಏರಿಸಿಕೊಂಡರು. ಮೃದಂಗವೂ ಏರಿತು. ಏರಿಸಲು ಬಾರದ ಹಾರ್ಮೋನಿಯಂ ಹಿಡಿದು ಬಂದವರಿಗೆ ಮಾತ್ರ ಅಕ್ಕ ನಗುತ್ತಾ ಕೈಮುಗಿದು ಮುಂದಿನ ಸಾಲಿನಲ್ಲಿ ಕೂರಿಸಿ ಕಾಫಿ ಕೊಡಿಸಿದರು. ಕಾರ್ಕಳದ ಕೊಳಲಿನವರೂ ಬಂದಿದ್ದರು. ಮುಗಿದ ಮೇಲೆ ಹತ್ತಿರ ಬಂದು, ಸ್ವಲ್ಪ ಮೇಲೆ ಇತ್ತಲ್ಲ ಅಕ್ಕ ಎಂದರು.

"ಲೈನ್ ಕ್ಲಿಯರ್ ಇತ್ತಾ?"

ಅವರು ಯೋಚಿಸಿ, ಕ್ಲಿಯರ್ ಇತ್ತು ಎಂದರು. ಆಮೇಲೆ ನನ್ನ ಹತ್ತಿರ, ಮೇಲಿನ ಷಡ್ಜ ಕಾಪುವಿನವರು ಹೇಗೆ ಕೂರಿಸುತ್ತಾರೆ ಎಂದು ಮೆಲ್ಲಗೆ ವಿಚಾರಿಸಿದರು. ಮುಂದಿನ ತಿಂಗಳು ಅವರು ಕಾಪುವಿಗೆ ಹೋಗಿ ಬಂದದ್ದು ಡೈರಿಯಲ್ಲಿದೆ.

ಆ ಕಾರ್ಡನ್ನು ಅಕ್ಕ ಬಿಸಾಡಲಿಲ್ಲ. ಕೊಡೆ ಬಟ್ಟೆಯ ಚೀಲದಲ್ಲಿ ಕೊಳಲುಗಳ ಜೊತೆ ಇಟ್ಟಿದ್ದರು. ನಾನು ಯಾವುದರ ಬಗ್ಗೆಯಾದರೂ ಪೂರ್ತಿ ತಿಳಿದವಳ ಹಾಗೆ ಮಾತಾಡಿದರೆ, "ಕಾರ್ಡ್ ತೆಗೆಯುವುದಾ?" ಎಂದು ಕೇಳುತ್ತಿದ್ದರು. ನಾನು ಪಟ್ಟಿಯ ಕೊನೆಯ ಕಾಲಮ್ಮಿನ ತಲೆಬರಹವನ್ನು ಅಂದೇ ಹೊಡೆದುಹಾಕಿ "ಯಾವ ಮನೆ?" ಎಂದು ಬರೆದಿದ್ದೇನೆ. ಆಮೇಲೆ ಮಾಡಿದ ಪಟ್ಟಿಗಳಲ್ಲೆಲ್ಲ ಅದೇ ಇದೆ.

2007ರಲ್ಲಿ ಅವರಿಗೆ ಹಲ್ಲಿನ ಸೆಟ್ ಬಂತು, ಗಾಳಿ ಅದರ ಸಂದಿಯಿಂದ ಹೋಗತೊಡಗಿತು. ಲೈನ್ ಡೆಡ್ ಎಂದು ನಗುತ್ತಾ ಪಾಠ ನಿಲ್ಲಿಸಿದರು. ಕೇಳುವುದನ್ನು ನಿಲ್ಲಿಸಲಿಲ್ಲ. ಹೋದ ತಿಂಗಳು ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲವಂತೆ.

ಕಾಪುವಿನವರಿಗೆ ಸುದ್ದಿ ತಿಳಿಸಬೇಕಿತ್ತು. ಅವರ ಮನೆಗೆ ಈಗ ಫೋನ್ ಬಂದಿದೆ. ಮೊಬೈಲ್ ಪಕ್ಕಕ್ಕಿಟ್ಟು, ನಮ್ಮ ಮನೆಯ ಹಳೆಯ ಫೋನಿನಿಂದಲೇ ಮಾಡಿದೆ. ರಿಸೀವರ್ ಎತ್ತಿದಾಗ ಅದು ಸುಯ್ ಎಂದಿತು, ಐದು ಮನೆಗೆ ಮೂವತ್ತೈದು ಪಾಲು ಮೇಲೆ. ಅವರೇ ಎತ್ತಿದರು. ಹೇಳಿದೆ. ಸಮುದ್ರದ ಸದ್ದು ಸಣ್ಣಗೆ ಕೇಳುತ್ತಿತ್ತು.

ಆಮೇಲೆ ಅವರು "ಲೈನಿನಲ್ಲಿರಿ" ಎಂದರು.

ರಿಸೀವರನ್ನು ಕೆಳಗಿಟ್ಟ ಸದ್ದು, ಬಿದಿರಿನ ತುಂಡುಗಳು ಒಂದಕ್ಕೊಂದು ತಾಗಿದ ಸದ್ದು. ಮತ್ತೆ ಕೊಳಲು. ಷಡ್ಜ ಹಿಡಿದು ನಿಂತು, ನಿಧಾನವಾಗಿ ಮೇಲಕ್ಕೆ ಹೊರಟರು. ನಾನು ಅಭ್ಯಾಸದಂತೆ ಗಡಿಯಾರ ನೋಡಿದೆ, ಡೈರಿ ಎಳೆದುಕೊಂಡೆ, ಯಾಕೋ ರಿಸೀವರನ್ನು ಎಡಗಿವಿಗೆ ಬದಲಿಸಿದೆ. ಮೂರು ನಿಮಿಷ ಆಯಿತು. ಮುಂದುವರಿಸುವುದಾ ಎಂದು ಯಾರೂ ಕೇಳಲಿಲ್ಲ. ಅವರು ಮುಂದುವರಿಸಿದರು.